ಉಗಾಂಡಕ್ಕೆ ಮರಳಿದವರು

ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಬೀಳುವಲ್ಲಿ ಜಿಂಜಾ ಎಂಬ ಊರಿದೆ. ಅಲ್ಲಿನ ಮುಖ್ಯ ಬೀದಿಯ ಹಳೆಯ ಕಟ್ಟಡಗಳ ನೆತ್ತಿಯಲ್ಲಿ ಗಾರೆಯಿಂದ ಎತ್ತಿದ ಗುಜರಾತಿ ಹೆಸರುಗಳೂ ಕಟ್ಟಿದ ಇಸವಿಗಳೂ ಈಗಲೂ ಕಾಣುತ್ತವೆ. ಲಂಡನ್, ಲೆಸ್ಟರ್, ಟೊರೊಂಟೊಗಳಿಂದ ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳು ಕತ್ತೆತ್ತಿ ಹುಡುಕುವುದು ಆ ಹೆಸರುಗಳನ್ನೇ.

ಇವರ ಹಿರಿಯರೆಲ್ಲ ರೈಲು ಹಳಿ ಹಾಕಲು ಬಂದ ಕೂಲಿಗಳೆಂಬ ನಂಬಿಕೆಯಿದೆ. ಅದು ಸರಿಯಲ್ಲ. ಮೊಂಬಾಸಾದಿಂದ ಸರೋವರದ ದಡದವರೆಗಿನ ರೈಲುಮಾರ್ಗಕ್ಕೆ 1896ರಿಂದ 1901ರವರೆಗೆ ಬ್ರಿಟಿಷರು ಭಾರತದಿಂದ ಸುಮಾರು 32,000 ಆಳುಗಳನ್ನು ಒಯ್ದದ್ದು ನಿಜ. ಸುಮಾರು 2,500 ಮಂದಿ ಅಲ್ಲೇ ಸತ್ತರು. ಉಳಿದವರಲ್ಲಿ ಹೆಚ್ಚಿನವರು ಕರಾರು ಮುಗಿಸಿ ಊರು ಸೇರಿದರು. ಅಂಗಡಿ ಇಟ್ಟವರು, ಹತ್ತಿ ಜಿನ್ನಿಂಗ್ ನಡೆಸಿದವರು ಬಹುಪಾಲು ಕಛ್, ಕಾಠಿಯಾವಾಡಗಳಿಂದ ತಾವಾಗಿ ಹೊರಟುಬಂದವರು.

ಅವರ ಏಳಿಗೆಯ ಹಿಂದೆ ವಸಾಹತು ಆಡಳಿತದ ಪಕ್ಷಪಾತವೂ ಇತ್ತು. ಜಿನ್ನಿಂಗ್, ಸಗಟು ವ್ಯಾಪಾರಗಳಲ್ಲಿ ಆಫ್ರಿಕನ್ನರಿಗೆ ಸಲೀಸಾಗಿ ಜಾಗ ಸಿಗುತ್ತಿರಲಿಲ್ಲ. ಆ ಸಿಟ್ಟು 1959ರಲ್ಲಿ ದೇಶದ ಬುಗಾಂಡ ಪ್ರಾಂತ್ಯದಲ್ಲಿ ಏಷ್ಯನ್ನರ ಅಂಗಡಿಗಳ ಬಹಿಷ್ಕಾರವಾಗಿ ಹೊರಬಿತ್ತು. ಇದನ್ನು ಮುಚ್ಚಿಟ್ಟು ಉಗಾಂಡದ ಕಥೆ ಹೇಳುವುದು ಅನ್ಯಾಯ. ಆದರೆ ಸರ್ವಾಧಿಕಾರಿ ಇದಿ ಅಮೀನ್ ಮಾಡಿದ್ದು ಅದಕ್ಕೆ ಪರಿಹಾರವಲ್ಲ, ದರೋಡೆ.

ಏಷ್ಯನ್ನರು ದೇಶ ಬಿಡಬೇಕೆಂದು 1972ರ ಆಗಸ್ಟ್‌ನಲ್ಲಿ ಆತ ಕೊಟ್ಟ ಗಡುವು 90 ದಿನ. ಜೊತೆಗೆ ಒಯ್ಯಲು ಬಿಟ್ಟದ್ದು ಸುಮಾರು 50 ಪೌಂಡ್ ಹಣ. ರಾಜಧಾನಿ ಕಂಪಾಲಾದಿಂದ ಎಂಟೆಬೆ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯ ತಪಾಸಣೆಗಳಲ್ಲಿ ಸೈನಿಕರು ಬಳೆ, ಸರ, ಗಡಿಯಾರ ಕಿತ್ತುಕೊಂಡರು. ಸುಮಾರು 27,000 ಮಂದಿ ಬ್ರಿಟನ್ನಿಗೆ ಹೋದರು; ಅವರಲ್ಲಿ ಹಲವರು ಹಳೆಯ ಸೇನಾ ಶಿಬಿರಗಳಲ್ಲಿ ಚಳಿಗಾಲ ಕಳೆದರು.

ಮರಳಿದವರಲ್ಲಿ ಹೆಸರಾದದ್ದು ಮಾಧ್ವಾನಿ ಮನೆತನ. ಜಿಂಜಾ ಸಮೀಪದ ಕಕಿರಾದಲ್ಲಿ ಮುಲ್ಜಿಭಾಯಿ ಮಾಧ್ವಾನಿ 1930ರಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದ್ದರು. ಅವರ ಮಗ ಮನುಭಾಯಿಯನ್ನು 1972ರಲ್ಲಿ ಅಮೀನ್ ಸರ್ಕಾರ ಮಕಿಂಡ್ಯೆ ಸೆರೆಮನೆಗೆ ತಳ್ಳಿತ್ತು. ಅಮೀನ್ 1979ರಲ್ಲಿ ಪದಚ್ಯುತನಾದ ಮೇಲೆ ಕುಟುಂಬ ಹಿಂದಿರುಗಿ, ಹಾಳುಬಿದ್ದ ಕಾರ್ಖಾನೆಯನ್ನು ಸರ್ಕಾರದ ಪಾಲುದಾರಿಕೆಯಲ್ಲಿ ಮತ್ತೆ ಎಬ್ಬಿಸಿತು. ಹೊಸ ಕಂಪನಿಯ ಹೆಸರಿನಲ್ಲೇ 1985 ಎಂಬ ಇಸವಿ ಸೇರಿಕೊಂಡಿತು.

ಸಾಮಾನ್ಯ ಅಂಗಡಿಕಾರನ ಪಾಡು ಬೇರೆ. ಬಿಟ್ಟುಹೋದ ಆಸ್ತಿಯನ್ನು ಒಂದು ಸರ್ಕಾರಿ ಮಂಡಳಿ ಬಾಡಿಗೆಗೆ ಕೊಟ್ಟಿತ್ತು. ವಾಪಸು ಕೊಡಲು 1982ರಲ್ಲಿ ಕಾನೂನು ಬಂತು. 1986ರಲ್ಲಿ ಅಧಿಕಾರಕ್ಕೇರಿದ ಮುಸೆವೇನಿ ಹೊರಹಾಕಲ್ಪಟ್ಟವರನ್ನು ಕರೆದ ಮೇಲೆ ಕೆಲಸ ವೇಗ ಪಡೆಯಿತು. ಹಕ್ಕುಪತ್ರ ಹಿಡಿದು ಬಂದವರಿಗೆ ಸಿಕ್ಕಿದ್ದು ಸುಣ್ಣ ಕಾಣದ ಗೋಡೆ, ಕೋಣೆಗೊಂದರಂತೆ ಒಕ್ಕಲಿದ್ದ ಸಂಸಾರಗಳು. ಅಮೀನ್‌ನನ್ನು ಕಂಡೇ ಇರದ ಮಕ್ಕಳು ಆ ಅಂಗಳದಲ್ಲಿ ಹುಟ್ಟಿ ಬೆಳೆದಿದ್ದರು. ಅವರನ್ನು ಎಬ್ಬಿಸಿ ತಾನು ನೆಲೆಸುವ ಮನಸ್ಸಾಗಲಿ, ವಯಸ್ಸಾಗಲಿ ಎಲ್ಲರಿಗೂ ಇರಲಿಲ್ಲ. ಹಲವರು ಕಟ್ಟಡ ಮಾರಿ ಮರಳಿ ವಿಮಾನ ಹತ್ತಿದರು.

ಈಗ ಕಂಪಾಲಾದಲ್ಲಿ ವ್ಯಾಪಾರ ಮಾಡುವ ಭಾರತೀಯರಲ್ಲಿ 90ರ ದಶಕದಿಂದೀಚೆಗೆ ಬಂದ ಹೊಸಬರೇ ಬಹಳ. ಹಳಬರ ಮನೆಗಳು ಎಲ್ಲಿದ್ದವೆಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ಜಿಂಜಾದಲ್ಲೇ ಹುಟ್ಟಿ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬರುವ ಅಜ್ಜಿಯರು ಎಂಟೆಬೆಯಲ್ಲಿ ಇಳಿಯಬೇಕಾದರೆ ಪ್ರವಾಸಿಗರಂತೆಯೇ ಶುಲ್ಕ ಕಟ್ಟಿ ವೀಸಾ ಪಡೆಯಬೇಕು.