ಭೂಕಂಪ: ಭಾರತದಲ್ಲಿ ಅದರ ಚರಿತ್ರೆ

ಭೂಗರ್ಭದ ಶಿಲಾಸ್ತರಗಳಲ್ಲಿ ದೀರ್ಘಕಾಲದಿಂದ ಸಂಚಿತವಾದ ಒತ್ತಡವು ಹಠಾತ್ತನೆ ಬಿಡುಗಡೆ ಹೊಂದಿದಾಗ ನೆಲದಲ್ಲಿ ಉಂಟಾಗುವ ಕಂಪನಕ್ಕೆ ಭೂಕಂಪವೆಂದು ಹೆಸರು. ನೆರೆ, ಬರ, ಚಂಡಮಾರುತಗಳು ಅಷ್ಟಿಷ್ಟು ಮುನ್ಸೂಚನೆಯನ್ನಿತ್ತು ಬರುವುವು. ಭೂಕಂಪವಾದರೋ ಇಂಥ ದಿನ ಇಂಥ ಗಳಿಗೆಯಲ್ಲಿ ಬಂದೀತೆಂದು ಹೇಳುವುದು ಇಂದಿಗೂ ಸಾಧ್ಯವಾಗಿಲ್ಲ.

ಇದರ ಕಾರಣವನ್ನು ಕುರಿತ ಜಿಜ್ಞಾಸೆ ನಮ್ಮಲ್ಲಿ ಪುರಾತನವಾದುದು. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿರಿಸಿ, ಸಮುದ್ರವಾಸಿಗಳಾದ ಮಹಾಪ್ರಾಣಿಗಳೇ ಇದಕ್ಕೆ ಕಾರಣವೆಂದು ಕೆಲವರೂ, ಭೂಭಾರದಿಂದ ಬಳಲಿದ ದಿಗ್ಗಜಗಳು ವಿಶ್ರಮಿಸುವುದರಿಂದ ಇದು ಸಂಭವಿಸುವುದೆಂದು ಕೆಲವರೂ, ಗಾಳಿಗೆ ಗಾಳಿ ಬಡಿದು ಭೂಮಿಯ ಮೇಲೆ ಬೀಳುವುದರಿಂದಲೆಂದು ಮತ್ತೆ ಕೆಲವರೂ ಹೇಳುತ್ತಿದ್ದ ಮತಗಳನ್ನು ಸಂಗ್ರಹಿಸಿದ್ದಾನೆ. ಆಧುನಿಕ ವಿಜ್ಞಾನದ ಪ್ರಕಾರ, ಭಾರತವನ್ನು ಹೊತ್ತ ಭೂಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಉತ್ತರಕ್ಕೆ ಸರಿಯುತ್ತ ಏಷ್ಯದ ಫಲಕವನ್ನು ಒತ್ತುತ್ತಿರುವುದರಿಂದಲೇ ಹಿಮಾಲಯವು ಎದ್ದಿತು. ಬಗ್ಗಿಸಿ ಹಿಡಿದ ಬಿದಿರ ಗಳು ಕೈ ಜಾರಿದೊಡನೆ ಸಿಡಿಯುವಂತೆ, ಈ ಒತ್ತಡವನ್ನು ತಾಳಲಾರದ ಬಂಡೆಗಳು ಬಿರುಕಿನಗುಂಟ ಜಾರಿದಾಗ ನೆಲ ನಡುಗುತ್ತದೆ.

1819ರ ಜೂನ್ 16ರಂದು ಕಚ್ಛದಲ್ಲಿ ಸಂಭವಿಸಿದ ಭೂಕಂಪವು ಸಿಂದ್ರಿಯ ಕೋಟೆಯನ್ನು ಜಲಾವೃತಗೊಳಿಸಿ, ಅದರ ಉತ್ತರಕ್ಕೆ ಹತ್ತಾರು ಮೈಲಿ ಉದ್ದದ ದಿಬ್ಬವೊಂದನ್ನು ಎಬ್ಬಿಸಿತು. ಜನರು ಅದನ್ನು ‘ಅಲ್ಲಾ ಬಂದ್’ ಎಂದು ಕರೆದರು. 1897ರ ಜೂನ್ 12ರ ಅಸ್ಸಾಂ ಭೂಕಂಪದಲ್ಲಿ ಷಿಲ್ಲಾಂಗಿನ ಕಲ್ಲುಕಟ್ಟಡಗಳು ನೆಲಸಮವಾದವು. ಅದನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್. ಡಿ. ಓಲ್ಡ್‌ಹ್ಯಾಮ್ ಭೂಕಂಪದ ಅಲೆಗಳಲ್ಲಿನ ಭೇದಗಳನ್ನು ಗುರುತಿಸಿ, 1906ರಲ್ಲಿ ಭೂಮಿಗೆ ಪ್ರತ್ಯೇಕವಾದ ಒಂದು ಗರ್ಭವಿದೆಯೆಂಬುದಕ್ಕೆ ಆಧಾರವನ್ನೊದಗಿಸಿದನು. ಆ ಪ್ರಾಂತದ ಜನರಾದರೂ ಮರದ ಚೌಕಟ್ಟಿಗೆ ಇಕ್ರವೆಂಬ ಜೊಂಡನ್ನು ಕಟ್ಟಿ, ಮಣ್ಣು ಮೆತ್ತಿ, ತಗಡು ಹೊದಿಸಿದ ಹಗುರವಾದ ಮನೆಗಳನ್ನು ಕಟ್ಟಿಕೊಳ್ಳತೊಡಗಿದರು.

1934ರ ಜನವರಿ 15ರ ಮಧ್ಯಾಹ್ನ ಬಿಹಾರವೂ ನೇಪಾಳವೂ ನಡುಗಿದಾಗ ಹತ್ತು ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಗದ್ದೆಗಳು ಸೀಳಿ ನೀರೂ ಮರಳೂ ಬುಗ್ಗೆಯಾಗಿ ಚಿಮ್ಮಿದುವು, ಬಾವಿಗಳು ಹೂತುಹೋದುವು, ಬೆಳೆ ನಿಂತಿದ್ದ ಭೂಮಿಯ ಮೇಲೆ ಮರಳು ಹರಡಿತು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಿದೆಂದು ಗಾಂಧೀಜಿ ನುಡಿದರೆ, ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕೆಂದು ರವೀಂದ್ರನಾಥ ಠಾಕೂರರು ಅದನ್ನು ಬಹಿರಂಗವಾಗಿ ವಿರೋಧಿಸಿದರು.

1950ರ ಆಗಸ್ಟ್ 15ರಂದು ಅಸ್ಸಾಂ-ಟಿಬೆಟ್ ಗಡಿಯಲ್ಲಿ 8.6 ಪರಿಮಾಣದ ಕಂಪನವಾಯಿತು. ಗುಡ್ಡಗಳು ಕುಸಿದು ಸುಬಾನಸಿರಿ ನದಿಗೆ ಅಡ್ಡಲಾಗಿ ನಿಂತು, ಕೆಲವು ದಿನಗಳ ಮೇಲೆ ಆ ಕಟ್ಟು ಒಡೆದು ಪ್ರವಾಹವೂ ಬಂದಿತು. ಇಷ್ಟಾದರೂ ಭಾರತದ ಭಾಗದಲ್ಲಿ ಸತ್ತವರು ಸುಮಾರು 1,500 ಮಂದಿ. ಸ್ಥಿರವೆಂದು ಭಾವಿಸಲಾಗಿದ್ದ ದಖ್ಖನಿನಲ್ಲಿ, 1967ರಲ್ಲಿ ಕೊಯ್ನಾ ಜಲಾಶಯದ ಬಳಿ ಒಮ್ಮೆ ನೆಲ ಕಂಪಿಸಿದ ತರುವಾಯ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಅದರ ಪರಿಮಾಣ 6.2ರ ಆಸುಪಾಸು, ಶಕ್ತಿಯಲ್ಲಿ ಅದು ಅಸ್ಸಾಮಿನದಕ್ಕಿಂತ ಸಾವಿರಾರು ಪಾಲು ಕಿರಿದು. ಆದರೆ ಮಡಿದವರು ಎಂಟರಿಂದ ಹತ್ತು ಸಾವಿರ. ಅಸ್ಸಾಮಿನ ಗಡಿನಾಡು ವಿರಳವಸತಿಯದೆಂಬುದು ನಿಜವೇ. ಆದರೂ ಕಿಲ್ಲಾರಿಯಲ್ಲಿ ಮಲಗಿದ್ದವರನ್ನು ಕೊಂದುದು, ಕೆಸರು ಮಣ್ಣಿನಲ್ಲಿ ಕಾಡುಗಲ್ಲು ಪೇರಿಸಿ ಎಬ್ಬಿಸಿದ ದಪ್ಪ ಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ. ಇಂಥ ಮನೆಗಳು ನೆರೆಯ ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ಉಂಟು.

ಭೂಕಂಪನಿರೋಧಕ ನಿರ್ಮಾಣದ ನಿಯಮಗಳನ್ನು ಭಾರತೀಯ ಮಾನಕ ಸಂಸ್ಥೆಯು 1962ರಲ್ಲಿಯೇ ಪ್ರಕಟಿಸಿತು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಗೋಡೆಗಳನ್ನೆಲ್ಲ ಸುತ್ತುಗಟ್ಟಿ ಬಿಗಿಯುವ ಕಾಂಕ್ರೀಟಿನ ಪಟ್ಟಿಯೊಂದಿದ್ದರೆ ಸಣ್ಣ ಮನೆಯೂ ಬಹುಮಟ್ಟಿಗೆ ಸುರಕ್ಷಿತ. ನೆಲ ನಡುಗತೊಡಗಿದಾಗ ವಿದ್ಯಾರ್ಥಿಗಳು ಮೆಟ್ಟಿಲಿನತ್ತ ನುಗ್ಗದೆ, ಗಟ್ಟಿಯಾದ ಮೇಜಿನ ಕೆಳಗೆ ಕುಳಿತು ತಲೆಯನ್ನು ಮರೆಮಾಡಿಕೊಂಡಿದ್ದು, ಕಂಪನ ನಿಂತ ಮೇಲೆ ಬಯಲಿಗೆ ಬರತಕ್ಕದ್ದು.