ಉಳಿಕೆಯಲ್ಲಿ ಸಿಕ್ಕ ಉಪ್ಪಿನ ಹಾರ್ಮೋನು

ಹಾರ್ಮೋನುಗಳ ಚರಿತ್ರೆ ಓದುವಾಗೆಲ್ಲ ನನ್ನ ಮನಸ್ಸು ಒಂದು ಉಳಿಕೆಯ ಬಳಿ ಹೋಗಿ ನಿಲ್ಲುತ್ತದೆ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಸಾರದಿಂದ 1930ರ ದಶಕದಲ್ಲಿ ಕೆಂಡಾಲ್, ರೈಕ್‌ಸ್ಟೈನ್ ಮೊದಲಾದವರು ಒಂದೊಂದೇ ಸ್ಟೀರಾಯ್ಡನ್ನು ಹರಳುಗಟ್ಟಿಸಿ ಬೇರ್ಪಡಿಸಿದರು. ಅವುಗಳಲ್ಲೊಂದು ಕಾರ್ಟಿಸೋನ್. ಅದು ಸಂಧಿವಾತದ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿತು; 1950ರಲ್ಲಿ ಅವರಿಬ್ಬರಿಗೂ ವೈದ್ಯ ಹೆಂಚ್ ಅವರಿಗೂ ನೊಬೆಲ್ ಬಂತು. ಆದರೆ ಹರಳುಗಳನ್ನೆಲ್ಲ ತೆಗೆದ ಮೇಲೂ ಹರಳಾಗಲೊಲ್ಲದ ಒಂದಿಷ್ಟು ಉಳಿಯುತ್ತಿತ್ತು. ವಿಚಿತ್ರವೆಂದರೆ, ಅಡ್ರಿನಲ್ ಕಿತ್ತ ಪ್ರಾಣಿಗಳನ್ನು ಬದುಕಿಸುವ ಶಕ್ತಿ ಆ ಉಳಿಕೆಯಲ್ಲೇ ಹೆಚ್ಚು.

ಆ ಪ್ರಾಣಿಗಳು ಸಾಯುತ್ತಿದ್ದುದು ಉಪ್ಪಿನ ಲೆಕ್ಕ ತಪ್ಪಿ. ಸೋಡಿಯಂ ಮೂತ್ರದಲ್ಲಿ ಹರಿದುಹೋಗುತ್ತಿತ್ತು, ಪೊಟ್ಯಾಸಿಯಂ ರಕ್ತದಲ್ಲೇ ಕೂಡಿಕೊಳ್ಳುತ್ತಿತ್ತು. 1855ರಲ್ಲಿ ಥಾಮಸ್ ಆಡಿಸನ್ ವಿವರಿಸಿದ ರೋಗಿಗಳ ಪಾಡೂ ಇದೇ. ಆ ಕಾಲಕ್ಕೆ ಕಾರಣ ತಿಳಿದಿರಲಿಲ್ಲ.

ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಭೌತವಿಜ್ಞಾನಿ ಜೇಮ್ಸ್ ಟೇಟ್ ಸರಳವಾದೊಂದು ಪ್ರಶ್ನೆ ಹಿಡಿದರು: ಉಪ್ಪನ್ನು ಕಾಯುವ ಗುಣವನ್ನು ಅಳೆಯುವುದು ಹೇಗೆ? ಅಡ್ರಿನಲ್ ಇಲ್ಲದ ಇಲಿಗಳಿಗೆ ವಿಕಿರಣಶೀಲ ಸೋಡಿಯಂ, ಪೊಟ್ಯಾಸಿಯಂ ಕೊಟ್ಟು, ಮೂತ್ರದಲ್ಲಿ ಅವೆರಡರ ಅನುಪಾತ ನೋಡಿದರು. ಅತ್ಯಲ್ಪ ಪ್ರಮಾಣವೂ ಈ ಅಳತೆಗೆ ಸಿಕ್ಕಿಬೀಳುತ್ತಿತ್ತು. ಗ್ರಂಥಿಯ ಸಾರವನ್ನು ಕಾಗದದ ಮೇಲೆ ಹರಿಸಿ ಬಿಡಿಸಿದಾಗ, ಆ ಗುಣ ಕಂಡದ್ದು ಕಾರ್ಟಿಸೋನ್ ನಿಂತಿದ್ದ ಜಾಗದಲ್ಲೇ! ಕಾರ್ಟಿಸೋನ್‌ಗೆ ಅಷ್ಟು ಶಕ್ತಿಯಿಲ್ಲವೆಂದು ಅವರಿಗೆ ಗೊತ್ತಿತ್ತು. ದ್ರಾವಕ ಬದಲಿಸಿದರು, ಎರಡೂ ಬೇರೆಯಾದವು. ನೊಬೆಲ್ ಪಡೆದ ವಸ್ತುವಿನ ಬೆನ್ನ ಹಿಂದೆಯೇ ಇನ್ನೊಂದು ಅಡಗಿತ್ತು.

1953ರಲ್ಲಿ, ಬಾಸೆಲ್‌ನಲ್ಲಿದ್ದ ರೈಕ್‌ಸ್ಟೈನ್ ಅವರ ಬಳಗದ ಜೊತೆಗೂಡಿ ಅದನ್ನೂ ಹರಳಾಗಿಸಿದರು. 500 ಕಿಲೋ ದನದ ಗ್ರಂಥಿಗಳಿಂದ ಸಿಕ್ಕಿದ್ದು 21 ಮಿಲಿಗ್ರಾಂ. ಮೊದಲಿಟ್ಟ ಹೆಸರು ಎಲೆಕ್ಟ್ರೋಕಾರ್ಟಿನ್. ರಚನೆಯಲ್ಲಿ ಆಲ್ಡಿಹೈಡ್ ಗುಂಪು ಕಂಡ ಮೇಲೆ ಆಲ್ಡೋಸ್ಟೀರೋನ್ ಆಯಿತು. (ಸಿಲ್ವಿಯಾ, ಜೇಮ್ಸ್ 1956ರಲ್ಲಿ ಮದುವೆಯಾದರು.)

ಅದು ಜೀವಕೋಶದಲ್ಲಿ ಮಾಡುವುದೇನು? ಉತ್ತರದ ಮೊದಲ ಎಳೆ ಕೊಟ್ಟದ್ದು ಮೂತ್ರಪಿಂಡವಲ್ಲ, ನೆಲಗಪ್ಪೆಯ ಮೂತ್ರಕೋಶ. ಆ ತೆಳುಪದರದ ಮೇಲೆ ಹಾರ್ಮೋನು ಹಾಕಿದರೆ ಸೋಡಿಯಂ ಸಾಗಣೆ ಹೆಚ್ಚುತ್ತದೆ, ಆದರೆ ತಕ್ಷಣವಲ್ಲ. ಸುಮಾರು ಒಂದು ಗಂಟೆ ಕಾಯಬೇಕು. 1963ರಲ್ಲಿ ಎಡೆಲ್ಮನ್ ಮತ್ತು ಸಂಗಡಿಗರು ಆರ್‌ಎನ್‌ಎ ತಯಾರಿಕೆಯನ್ನು ತಡೆದು ನೋಡಿದರು. ಸಾಗಣೆಯ ಹೆಚ್ಚಳವೇ ನಿಂತಿತು. ಹಾರ್ಮೋನು ಬಾಗಿಲು ತಟ್ಟುತ್ತಿರಲಿಲ್ಲ, ಕೋಶದ ಒಳಹೊಕ್ಕು ಹೊಸ ಪ್ರೋಟೀನುಗಳನ್ನು ಮಾಡಿಸುತ್ತಿತ್ತು. ಈಗ ನಮಗೆ ಗೊತ್ತು: ಮೂತ್ರಪಿಂಡದ ನಾಳಗಳ ಕೊನೆಯ ಭಾಗದಲ್ಲಿ, ಮೂತ್ರದ ಬದಿಯಲ್ಲಿ ಸೋಡಿಯಂ ಒಳಬರುವ ರಂಧ್ರಗಳು ಹೆಚ್ಚುತ್ತವೆ, ರಕ್ತದ ಬದಿಯ ಪಂಪುಗಳು ಅದನ್ನು ಆಚೆ ದಾಟಿಸುತ್ತವೆ, ಪೊಟ್ಯಾಸಿಯಂ ಮೂತ್ರಕ್ಕೆ ಇಳಿಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿದ ನೀರಿನಲ್ಲಿ ಈ ಹಾರ್ಮೋನಿನ ಮಾತು ನಡೆಯುವುದು ಕೊನೆಯ ಕೆಲವೇ ಶೇಕಡ ಸೋಡಿಯಂ ಮೇಲೆ.

ಅಷ್ಟರಲ್ಲೇ ಪ್ರಾಣವಿದೆ. ಮಿಷಿಗನ್ನಿನ ವೈದ್ಯ ಜೆರೋಮ್ ಕಾನ್ 1955ರಲ್ಲಿ 34 ವರ್ಷದ ಮಹಿಳೆಯೊಬ್ಬಳ ವಿಷಯ ಪ್ರಕಟಿಸಿದರು: ಏರಿದ ರಕ್ತದೊತ್ತಡ, ಸೋತ ಸ್ನಾಯುಗಳು, ರಕ್ತದಲ್ಲಿ ತೀರಾ ಇಳಿದ ಪೊಟ್ಯಾಸಿಯಂ. ಹರಳಾಗಿ ಎರಡು ವರ್ಷವೂ ಆಗಿರದ ಆ ಹಾರ್ಮೋನೇ ಅತಿಯಾಗಿದೆ ಎಂದು ಊಹಿಸಿ ಶಸ್ತ್ರಚಿಕಿತ್ಸೆಗೆ ಒಪ್ಪಿಸಿದ್ದರು. ಅಡ್ರಿನಲ್‌ನಲ್ಲಿ ಗಡ್ಡೆಯಿತ್ತು. ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು.