ಅಮೆರಿಕದ ತೆರಿಗೆ ಲೋಕಕ್ಕೆ ಐಪಿ ಪಿನ್ ಬಂದ ಬಗೆ

ಐಡೆಂಟಿಟಿ ಪ್ರೊಟೆಕ್ಷನ್ ಪಿನ್, ಅಂದರೆ ಐಪಿ ಪಿನ್, ಅಮೆರಿಕದ ಆದಾಯ ತೆರಿಗೆ ಇಲಾಖೆಯಾದ ಐಆರ್‌ಎಸ್ ತೆರಿಗೆದಾರರಿಗೆ ಕೊಡುವ ಆರು ಅಂಕಿಗಳ ಗುಟ್ಟಿನ ಸಂಖ್ಯೆ. ಪ್ರತಿ ವರ್ಷ ಅದು ಬದಲಾಗುತ್ತದೆ. ಈ ಸಂಖ್ಯೆ ಪಡೆದವರ ಹೆಸರಿನಲ್ಲಿ ಅದಿಲ್ಲದೆ ಸಲ್ಲಿಕೆಯಾದ ಇ-ರಿಟರ್ನ್ ತಿರಸ್ಕೃತವಾಗುತ್ತದೆ. ಕಾಗದದ ರಿಟರ್ನ್ ಆದರೆ ಪರಿಶೀಲನೆಗೆ ಸಿಕ್ಕಿ ತಿಂಗಳುಗಟ್ಟಲೆ ತಡವಾಗಬಹುದು. ಈ ವ್ಯವಸ್ಥೆ ಶುರುವಾದದ್ದು 2011ರಲ್ಲಿ. ಅದನ್ನು ಅನಿವಾರ್ಯ ಮಾಡಿದ ದೋಷ ಮಾತ್ರ ಬಹಳ ಹಳೆಯದು.

1935ರ ಸೋಷಿಯಲ್ ಸೆಕ್ಯೂರಿಟಿ ಕಾಯ್ದೆಯ ಪ್ರಕಾರ ಕಾರ್ಮಿಕರಿಗೆ ಒಂಬತ್ತು ಅಂಕಿಗಳ ಸಂಖ್ಯೆ ಹಂಚುವ ಕೆಲಸ 1936ರ ನವೆಂಬರಿನಲ್ಲಿ ಆರಂಭವಾಯಿತು. ಯಾರ ದುಡಿಮೆ ಎಷ್ಟು ಎಂದು ಪಿಂಚಣಿಗಾಗಿ ಲೆಕ್ಕ ಇಡುವುದಷ್ಟೇ ಅದರ ಉದ್ದೇಶ. ಇದು ಗುರುತಿನ ಚೀಟಿಯಲ್ಲ ಎಂಬ ಎಚ್ಚರಿಕೆಯನ್ನು 1946ರಿಂದ ಕಾರ್ಡಿನ ಮೇಲೆಯೇ ಮುದ್ರಿಸಲಾಗುತ್ತಿತ್ತು. 1972ರಲ್ಲಿ ಆ ಸಾಲನ್ನು ತೆಗೆದರು. ಅಷ್ಟರಲ್ಲಾಗಲೇ 1961ರ ಕಾನೂನಿನ ಬಲದಿಂದ ಐಆರ್‌ಎಸ್ ಅದನ್ನೇ ತೆರಿಗೆದಾರರ ಸಂಖ್ಯೆಯಾಗಿ ಬಳಸತೊಡಗಿತ್ತು. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಅದನ್ನು ಕೇಳುವ ರೂಢಿ ಬೆಳೆಯಿತು. ಅದರಿಂದ ಲಾಭವೇ ಆಗಲಿಲ್ಲ ಎನ್ನಲಾಗದು. ಅವಲಂಬಿತ ಮಕ್ಕಳ ಸಂಖ್ಯೆಯನ್ನೂ ರಿಟರ್ನ್‌ನಲ್ಲಿ ನಮೂದಿಸಬೇಕೆಂದು 1986ರ ತೆರಿಗೆ ಸುಧಾರಣಾ ಕಾಯ್ದೆ ವಿಧಿಸಿದಾಗ, ಮರುವರ್ಷದ ರಿಟರ್ನ್‌ಗಳಿಂದ ಸುಮಾರು 70 ಲಕ್ಷ ಅವಲಂಬಿತರು ಮಾಯವಾದರು. ಅವರಲ್ಲಿ ಅನೇಕರು ಹುಟ್ಟಿಯೇ ಇರಲಿಲ್ಲ. ಆದರೆ ಹತ್ತಾರು ಕಚೇರಿಗಳ ಕಡತದಲ್ಲಿ ಬಿದ್ದಿರುವ ಸಂಖ್ಯೆಯೊಂದು ವ್ಯಕ್ತಿ ಯಾರೆಂದು ಹೇಳೀತೇ ಹೊರತು, ಅದನ್ನು ಹೇಳುತ್ತಿರುವವರು ಅವರೇ ಎಂದು ಸಾಬೀತು ಮಾಡಲಾರದು. ಮುಂದಿನ ಅನಾಹುತಗಳ ಬೇರು ಇಲ್ಲಿದೆ.

1943ರಿಂದ ಸಂಬಳದಲ್ಲೇ ತೆರಿಗೆ ಹಿಡಿಯುವ ಪದ್ಧತಿ ಬಂದ ಮೇಲೆ, ಹೆಚ್ಚು ಹಿಡಿದದ್ದನ್ನು ವರ್ಷದ ಕೊನೆಗೆ ವಾಪಸು ಪಡೆಯುವ ರಿಫಂಡ್ ಕೋಟ್ಯಂತರ ಮನೆಗಳಿಗೆ ಮಾಮೂಲಿಯಾಯಿತು. ರಿಟರ್ನ್ ತಯಾರಿಸಿಕೊಡುವುದು ದೊಡ್ಡ ಉದ್ಯಮವಾಗಿ ಬೆಳೆದದ್ದೂ ಇದರ ಜೊತೆಗೇ. ಕಾನ್ಸಾಸ್ ಸಿಟಿಯಲ್ಲಿ ಹೆನ್ರಿ ಮತ್ತು ರಿಚರ್ಡ್ ಬ್ಲಾಕ್ ಸಹೋದರರು ತಮ್ಮ ಸಂಸ್ಥೆ ತೆರೆದದ್ದು 1955ರಲ್ಲಿ. 1986ರಲ್ಲಿ ಸಿನ್ಸಿನಾಟಿ, ಫೀನಿಕ್ಸ್ ಮತ್ತು ರಾಲಿ-ಡರ್ಹಮ್‌ಗಳಲ್ಲಿ ಪ್ರಯೋಗವಾಗಿ ಶುರುವಾದ ಇ-ಫೈಲಿಂಗ್ 1990ರ ಹೊತ್ತಿಗೆ ದೇಶವ್ಯಾಪಿಯಾಯಿತು. 2007ರೊಳಗೆ ಶೇ 80ರಷ್ಟು ರಿಟರ್ನ್‌ಗಳು ಈ ದಾರಿಯಲ್ಲೇ ಬರಬೇಕೆಂಬ ಗುರಿಯನ್ನು 1998ರ ಕಾನೂನು ಇಟ್ಟಿತು.

ವೇಗವೇ ಇಲ್ಲಿ ಮುಳುವಾಯಿತು. ಜನವರಿ ಕೊನೆಗೆ ರಿಟರ್ನ್ ಹಾಕಿದವರ ಖಾತೆಗೆ ಮೂರು ವಾರದೊಳಗೆ ರಿಫಂಡ್ ಬೀಳುತ್ತಿತ್ತು. ಅವರ ಸಂಬಳದ ಲೆಕ್ಕವಾದ ಡಬ್ಲ್ಯು-2 ನಮೂನೆಯನ್ನು ಉದ್ಯೋಗದಾತರು ಸರ್ಕಾರಕ್ಕೆ ಮಾರ್ಚ್ ಅಂತ್ಯದವರೆಗೂ ಕಳಿಸಬಹುದಿತ್ತು. ಹಣ ಮೊದಲು, ತಾಳೆ ಆಮೇಲೆ. ಕದ್ದ ಹೆಸರು, ಕದ್ದ ಸಂಖ್ಯೆ, ಕಟ್ಟುಕಥೆಯ ಸಂಬಳ ಸೇರಿಸಿ ರಿಟರ್ನ್ ಹಾಕಿದವರಿಗೆ ಪ್ರೀಪೇಯ್ಡ್ ಡೆಬಿಟ್ ಕಾರ್ಡಿನಲ್ಲಿ ರಿಫಂಡ್ ಸಿಗುತ್ತಿತ್ತು. ಫ್ಲೋರಿಡಾದ ಟ್ಯಾಂಪಾ ನಗರ ಈ ದಂಧೆಯ ಕೇಂದ್ರವಾಗಿ ಕುಖ್ಯಾತವಾಯಿತು. ಸತ್ತವರ ಸಂಖ್ಯೆಗಳೂ ಬಳಕೆಯಾದವು, ಏಕೆಂದರೆ ಮೃತರ ಪಟ್ಟಿ ಆಗ ಸಾರ್ವಜನಿಕವಾಗಿ ಸಿಗುತ್ತಿತ್ತು. 2010ರ ತೆರಿಗೆ ವರ್ಷವೊಂದರಲ್ಲೇ ಸುಮಾರು 15 ಲಕ್ಷ ಸಂಶಯಾಸ್ಪದ ರಿಟರ್ನ್‌ಗಳು ಇಲಾಖೆಯ ಕಣ್ಣಿಗೆ ಬೀಳದೆ ಹೋದವು, ಅವುಗಳ ಮೊತ್ತ 520 ಕೋಟಿ ಡಾಲರ್ ಮೀರುತ್ತದೆ ಎಂದು ಖಜಾನೆಯ ತಪಾಸಣಾಧಿಕಾರಿಗಳ ವರದಿ 2012ರಲ್ಲಿ ಅಂದಾಜು ಮಾಡಿತು. ನಿಜವಾದ ತೆರಿಗೆದಾರರಿಗೆ ವಿಷಯ ತಿಳಿಯುತ್ತಿದ್ದುದು ಅವರ ಸ್ವಂತ ರಿಟರ್ನ್ ತಿರಸ್ಕೃತವಾದಾಗ. ರಿಫಂಡ್ ನೆಚ್ಚಿಕೊಂಡು ಬಾಡಿಗೆ, ಸಾಲದ ಲೆಕ್ಕ ಹಾಕಿದ್ದ ಬಡ ಕುಟುಂಬಗಳಿಗೆ ಇದು ಬರೀ ಕಾಗದಪತ್ರದ ತೊಂದರೆಯಾಗಿರಲಿಲ್ಲ.

2011ರಲ್ಲಿ ಬಂದ ಐಪಿ ಪಿನ್ ಮೊದಲು ಹೀಗೆ ವಂಚನೆಗೊಳಗಾದವರಿಗೆ ಮಾತ್ರ ಅಂಚೆಯಲ್ಲಿ ತಲುಪುತ್ತಿತ್ತು. 2014ರಲ್ಲಿ ಫ್ಲೋರಿಡಾ, ಜಾರ್ಜಿಯಾ ಮತ್ತು ರಾಜಧಾನಿ ವಾಷಿಂಗ್ಟನ್ನಿನ ನಿವಾಸಿಗಳು ತಾವಾಗಿ ಕೇಳಿ ಪಡೆಯುವ ಅವಕಾಶವಾಯಿತು. ಅನಂತರದ ಎರಡು ವರ್ಷ ಕಹಿಯಾಗಿದ್ದವು. ಹಳೆಯ ವಿಳಾಸ ಯಾವುದು, ಸಾಲ ಎಷ್ಟು ಎಂಬಂಥ ಪ್ರಶ್ನೆಗಳಿಗೆ ಉತ್ತರ ಪಡೆದು ದಾಖಲೆ ತೋರಿಸುತ್ತಿದ್ದ ಐಆರ್‌ಎಸ್‌ನ ಆನ್‌ಲೈನ್ ಸೇವೆಯೊಂದಕ್ಕೆ 2015ರಲ್ಲಿ ಕಳ್ಳರು ನುಗ್ಗಿದರು. 7 ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆಗಳು ಸೋರಿರಬಹುದೆಂದು ಇಲಾಖೆ ಮರುವರ್ಷ ಒಪ್ಪಿಕೊಂಡಿತು. ಕಳೆದುಹೋದ ಐಪಿ ಪಿನ್ ಮರಳಿ ಪಡೆಯುವ ಪುಟವೂ ಅದೇ ಬಗೆಯ ಪ್ರಶ್ನೆಗಳನ್ನು ನಂಬಿತ್ತು. 2016ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿ, ಬಿಗಿ ಪರಿಶೀಲನೆ ಅಳವಡಿಸಿದ ಮೇಲೆ ಮತ್ತೆ ತೆರೆಯಬೇಕಾಯಿತು. ಕಮಿಷನರ್ ಜಾನ್ ಕೋಸ್ಕಿನೆನ್ 2015ರಲ್ಲಿ ರಾಜ್ಯಗಳ ತೆರಿಗೆ ಇಲಾಖೆಗಳು, ತಂತ್ರಾಂಶ ಕಂಪನಿಗಳು ಮತ್ತು ರಿಟರ್ನ್ ತಯಾರಕರನ್ನು ಒಂದೇ ಮೇಜಿಗೆ ಕರೆದು ಸೆಕ್ಯೂರಿಟಿ ಸಮಿಟ್ ರಚಿಸಿದರು. ಅದೇ ಡಿಸೆಂಬರಿನ ಕಾನೂನು ಡಬ್ಲ್ಯು-2 ಗಡುವನ್ನು ಜನವರಿ 31ಕ್ಕೆ ಎಳೆಯಿತು. ದಶಕಗಳ ಹಿಂದೆಯೇ ಆಗಬೇಕಿದ್ದ ಕೆಲಸವಿದು.

ದಾರಿ ಮುಚ್ಚುತ್ತಿದ್ದಂತೆ ಕಳ್ಳರ ಕಣ್ಣು ರಿಟರ್ನ್ ತಯಾರಕರ ಕಂಪ್ಯೂಟರುಗಳ ಮೇಲೆ ಬಿತ್ತು. ಒಂದು ಸಣ್ಣ ಕಚೇರಿಯಲ್ಲಿ ನೂರಾರು ಕುಟುಂಬಗಳ ಸಂಬಳ, ಬ್ಯಾಂಕ್ ಖಾತೆ, ಮಕ್ಕಳ ಹೆಸರು ಒಟ್ಟಿಗೇ ಸಿಗುತ್ತವೆ. ಹಾಗೆ ಕದ್ದ ಮಾಹಿತಿಯಿಂದ ಮಾಡಿದ ರಿಟರ್ನ್ ಅಸಲಿಯಂತೆಯೇ ಕಾಣುತ್ತದೆ. ಹಣಕ್ಕಾಗಿ ರಿಟರ್ನ್ ತಯಾರಿಸುವವರಿಗೆ 2011ರಿಂದ ಪಿಟಿಐಎನ್ ಎಂಬ ಸ್ವಂತ ಸಂಖ್ಯೆ ಕಡ್ಡಾಯವಾಗಿತ್ತು. ಅದರ ಜೊತೆಗೆ ಲಿಖಿತ ಭದ್ರತಾ ಯೋಜನೆಯ ಹೊಣೆಯೂ ಸೇರಿತು. ಬೆಂಗಳೂರಿಗೂ ಇದು ತಟ್ಟಿದ ವಿಷಯ. ಅಮೆರಿಕದ ರಿಟರ್ನ್‌ಗಳ ಕೆಲಸ ಹೊರಗುತ್ತಿಗೆಯಾಗಿ ಇಲ್ಲಿಗೆ ಬರತೊಡಗಿದ ಮೇಲೆ, ತೆರಿಗೆದಾರರ ಒಪ್ಪಿಗೆಯಿಲ್ಲದೆ ಮಾಹಿತಿ ದೇಶದಾಚೆ ಹೋಗಕೂಡದು, ನಿಗದಿತ ರಕ್ಷಣೆಯಿಲ್ಲದಿದ್ದರೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯನ್ನು ಮರೆಮಾಡಿಯೇ ಕಳಿಸಬೇಕು ಎಂಬ ನಿಯಮ 2009ರಲ್ಲಿ ಜಾರಿಯಾಯಿತು.

ತೆರಿಗೆ ತಂತ್ರಾಂಶದಲ್ಲಿ ಐಪಿ ಪಿನ್ ಜ್ಞಾಪನೆಗೆ ಜಾಗ ಬೇಕಾದದ್ದು ಈ ಸಂಖ್ಯೆಯ ಸ್ವಭಾವದಿಂದಲೇ. ಹೆಸರು, ವಿಳಾಸ, ಅವಲಂಬಿತರ ವಿವರಗಳು ಹಳೆಯ ಕಡತದಿಂದ ಹೊಸ ವರ್ಷಕ್ಕೆ ತಾವಾಗಿ ಬರುತ್ತವೆ. ಹೋದ ವರ್ಷದ ಐಪಿ ಪಿನ್ ಬಂದರೂ ಉಪಯೋಗವಿಲ್ಲ. ಗಂಡ, ಹೆಂಡತಿ ಇಬ್ಬರಿಗೂ ಬೇರೆ ಬೇರೆ ಸಂಖ್ಯೆ ಇರಬಹುದು. ಈ ವರ್ಷ ಕುಳಿತು ಹಿಂದಿನ ವರ್ಷಗಳ ರಿಟರ್ನ್ ಹಾಕಿದರೂ ಈ ವರ್ಷದ ಸಂಖ್ಯೆಯನ್ನೇ ಕೊಡಬೇಕು. ಇ-ರಿಟರ್ನ್‌ಗೆ ಸಹಿಯಾಗಿ ಬಳಸುವ ಐದು ಅಂಕಿಗಳ ಪಿನ್ ಬೇರೆಯೇ ಇರುವುದರಿಂದ ಗೊಂದಲ ಇನ್ನಷ್ಟು. ತೆರಿಗೆದಾರರ ಪರವಾಗಿ ತಯಾರಕರು ಐಪಿ ಪಿನ್ ತರಿಸಿಕೊಳ್ಳುವಂತಿಲ್ಲ, ಕೇಳಿ ಪಡೆಯಬೇಕು. ಹಾಗಾಗಿ ವರ್ಷಾರಂಭದ ಪ್ರಶ್ನಾವಳಿಯಲ್ಲೇ ಕೇಳುವುದು, ಕಡತ ತೆರೆದೊಡನೆ ಕಾಣುವಂತೆ ಟಿಪ್ಪಣಿ ಹಾಕುವುದು ಒಳ್ಳೆಯ ಕಚೇರಿಗಳ ಶಿಸ್ತು. ಮರೆತರೆ ಏಪ್ರಿಲ್ ಗಡುವಿನ ಹೊತ್ತಿಗೆ ತಿರಸ್ಕೃತ ರಿಟರ್ನ್ ಎದುರಿಗಿರುತ್ತದೆ.

2019ರ ಟ್ಯಾಕ್ಸ್‌ಪೇಯರ್ ಫಸ್ಟ್ ಕಾಯ್ದೆ ಈ ರಕ್ಷಣೆಯನ್ನು ಐದು ವರ್ಷದೊಳಗೆ ಇಡೀ ದೇಶಕ್ಕೆ ವಿಸ್ತರಿಸಬೇಕೆಂದಿತು. 2021ರ ಜನವರಿಯಲ್ಲೇ ಅದಾಯಿತು. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದೆ, ಅದರ ಬದಲಿಗೆ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಹೊಂದಿರುವವರೂ ಪಡೆಯಬಹುದಾದ್ದರಿಂದ, ಎಚ್-4 ವೀಸಾದಲ್ಲಿರುವ ಅನೇಕ ಕನ್ನಡ ಕುಟುಂಬಗಳ ಗೃಹಿಣಿಯರಿಗೂ ಇದು ಅನ್ವಯಿಸುತ್ತದೆ. ತಮ್ಮ ಮಗುವನ್ನು ಬೇರೆ ಯಾರೋ ಅವಲಂಬಿತರೆಂದು ಮೊದಲೇ ತೋರಿಸಿಕೊಂಡಿದ್ದರೂ, ತಮ್ಮ ಐಪಿ ಪಿನ್ ಸರಿಯಾಗಿ ನಮೂದಿಸಿದ ಪೋಷಕರ ಇ-ರಿಟರ್ನ್ ಅನ್ನು ಇಲಾಖೆ 2025ರಿಂದ ಸ್ವೀಕರಿಸುತ್ತಿದೆ.